30,000 ರೂಪಾಯಿಗೆ ಟೈಪಿಂಗ್ ಅಂಗಡಿಗೊಂದು ಕಂಪ್ಯೂಟರ್: ಜೋಡಿಸೋದಾ, ಹಳೇದು ತರೋದಾ?

ಕೀಲಿಮಣೆ (ಸಾಗರ) · 27 ಜುಲೈ 2025

ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ನಾನು ಸಾಗರದವಳು. ಹನ್ನೊಂದು ವರ್ಷ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗ್ ಮಾಡಿದೆ. ಕ್ರಯಪತ್ರ, ಅಫಿಡವಿಟ್, ಬಾಡಿಗೆ ಕರಾರು, ವಿಭಾಗಪತ್ರ ಎಲ್ಲಾ ಸೇರಿ ದಿನಕ್ಕೆ ಮೂವತ್ತು ನಲವತ್ತು ಪುಟ. ಈಗ ಅವರಿಗೆ ವಯಸ್ಸಾಯಿತು, ಆಫೀಸು ಮುಚ್ಚುತ್ತಿದ್ದಾರೆ. ಇನ್ನೊಬ್ಬರ ಹತ್ತಿರ ಕೆಲಸ ಕೇಳುವ ಬದಲು ನಾನೇ ಒಂದು ಅಂಗಡಿ ಹಾಕೋಣ ಅಂತ ಹೊರಟಿದ್ದೇನೆ. ತಾಲ್ಲೂಕು ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಎಂಟಡಿಗೆ ಹತ್ತಡಿ ಮಳಿಗೆ ಸಿಕ್ಕಿದೆ. ಶ್ರಾವಣ ಮುಗಿಯುವುದರೊಳಗೆ ಪೂಜೆ ಆಗಬೇಕು.

ಕೆಲಸ ಅಂದರೆ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಸ್ವಲ್ಪ ಎಕ್ಸೆಲ್, ಪಹಣಿ ತೆಗೆದುಕೊಡುವುದು, ಆನ್‌ಲೈನ್ ಅರ್ಜಿ ತುಂಬುವುದು, ಪ್ರಿಂಟ್. ಗೇಮ್ ಇಲ್ಲ, ವಿಡಿಯೊ ಎಡಿಟಿಂಗ್ ಇಲ್ಲ. ಸಂಘದಿಂದ 30,000 ಸಾಲ ಸಿಕ್ಕಿದೆ. ಅದರಲ್ಲೇ ಎಲ್ಲಾ ಮುಗಿಯಬೇಕು, ಯುಪಿಎಸ್ ಸೇರಿ. ಪ್ರಿಂಟರ್ ಮಾತ್ರ ಇದೆ. ವಕೀಲರು ತಮ್ಮ ಕ್ಯಾನನ್ 2900 ನನಗೇ ಬಿಟ್ಟುಕೊಟ್ಟರು. ಜೊತೆಗೆ ಒಂದು ಹಳೇ ಮಾನಿಟರ್ ಕೂಡ. ಹಿಂದೆ ನೀಲಿ ಬಣ್ಣದ ತಿರುಪಿನ ಕೇಬಲ್ ಇರುವಂಥದ್ದು, ಎಡಗಡೆ ಮೂಲೆಯಲ್ಲಿ ಅಕ್ಷರ ಸ್ವಲ್ಪ ಮಸುಕು.

ಮೂರು ಕಡೆ ವಿಚಾರಿಸಿದೆ. ಊರಿನ ಒಂದು ಅಂಗಡಿಯಲ್ಲಿ ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಮಾನಿಟರ್ ಸೇರಿ 29,000. ಯಾವ ಐ3 ಅಂತ ಕೇಳಿದರೆ "ಹೊಸದೇ ಮೇಡಂ" ಅಂದರು, ನಂಬರ್ ಹೇಳಲಿಲ್ಲ. ಎರಡನೆಯದು ಆನ್‌ಲೈನ್ ಜಾಹೀರಾತು: ಐ7, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ, ಮಾನಿಟರ್, ಕೀಬೋರ್ಡ್, ಸ್ಪೀಕರ್ ಎಲ್ಲಾ ಸೇರಿ 15,999! ಮೂರನೆಯದು ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗನ ಸಲಹೆ: "ಬಿಡಿ ಬಿಡಿ ಭಾಗ ತಂದು ನೀವೇ ಜೋಡಿಸಿ ಅತ್ತೆ, ಕಷ್ಟ ಏನಿಲ್ಲ."

ಆಫೀಸಿನ ಹಳೇ ಯಂತ್ರದ ಕಥೆ ಹೇಳಿದರೆ ನನ್ನ ಆಸೆ ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತೆ. ಸ್ವಿಚ್ ಹಾಕಿ, ಕಸ ಗುಡಿಸಿ, ದೇವರ ಫೋಟೊಗೆ ಹೂವು ಇಟ್ಟು, ಊದುಬತ್ತಿ ಹಚ್ಚಿ ಬಂದರೂ ಪರದೆ ಮೇಲಿನ ಆ ಚಕ್ರ ಇನ್ನೂ ತಿರುಗುತ್ತಿರುತ್ತಿತ್ತು. ಗಿರಾಕಿ ಎದುರಿಗೆ ಹಾಗೆ ಆಗಬಾರದು ಅಷ್ಟೇ.

ಯಾವುದರಲ್ಲಿ ದುಡ್ಡು ಹಾಕಬೇಕು, ಯಾವುದರಲ್ಲಿ ಉಳಿಸಬಹುದು? ತಿಳಿದವರು ಹೇಳಿ.

---

ಅರ್ಧಲೋಟ · 27 ಜುಲೈ

ಐ7 ತಗೊಳ್ಳಿ. ಐ3ಗಿಂತ ಐ7 ದೊಡ್ಡದು, ಬೆಲೆನೂ ಅರ್ಧ. ಇದಕ್ಕೆ ಇಷ್ಟುದ್ದ ಯೋಚನೆ ಯಾಕೆ?

---

ತಿರುಪುಳಿ (ಶಿವಮೊಗ್ಗ) · 27 ಜುಲೈ

ಅರ್ಧಲೋಟ ಅವರೇ, ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆ ನೀರಿಗೂ ತತ್ವಾರ ಅನ್ನೋ ಕೇಸು ಅದು.

ಅಕ್ಕಾ, ಆ ಜಾಹೀರಾತಿನಲ್ಲಿ ಸಣ್ಣ ಅಕ್ಷರ ಓದಿ. ಐ7 ಆದ ಮೇಲೆ 2600 ಅಂತಲೋ 3770 ಅಂತಲೋ ಇರುತ್ತೆ. 2600 ಬಂದಿದ್ದು 2011ರಲ್ಲಿ, 3770 ಬಂದಿದ್ದು 2012ರಲ್ಲಿ. ನಾಲ್ಕಂಕಿಯ ನಂಬರಾದರೆ ಮೊದಲ ಅಂಕೆ ಅದರ ತಲೆಮಾರು. ಯಾವುದೋ ಹಳೇ ಯಂತ್ರದಿಂದ ಕಿತ್ತ ಪ್ರೊಸೆಸರ್, ಅದಕ್ಕೆ ಹೊಂದುವ ಅಗ್ಗದ ಮದರ್‌ಬೋರ್ಡ್, ಮೇಲೊಂದು ಮಿಣಮಿಣ ಲೈಟಿನ ಡಬ್ಬ. 2022ರಲ್ಲಿ ಬಂದ ಐ3 12100ಕ್ಕೂ ಆ 2600ರಷ್ಟೇ ಕೋರ್ (ಲೆಕ್ಕ ಮಾಡುವ ಘಟಕ) ಇವೆ, ನಾಲ್ಕು. ಆದರೆ ಒಂದೊಂದು ಕೋರ್‌ನ ವೇಗಕ್ಕೆ ಹೋಲಿಕೆಯೇ ಇಲ್ಲ. ಐ3, ಐ7 ಅನ್ನೋದು ಮನೆತನದ ಹೆಸರು ಅಷ್ಟೇ. ಹುಟ್ಟಿದ ವರ್ಷ ಕೇಳಬೇಕು.

ಇನ್ನೊಂದು ಕಾರಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲುತ್ತೆ. ವಿಂಡೋಸ್ 11 ಬೇಕು ಅಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚೆಗಿನದೇ ಆಗಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು. ಆ ಐ7 ಎರಡಕ್ಕೂ ಪಾಸಾಗಲ್ಲ.

ಈಗ ನಿಮ್ಮ ಪ್ರಶ್ನೆ. ನಾನು ಹದಿನೆಂಟು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ಬರೀ ಆಫೀಸ್ ಕೆಲಸದ ಯಂತ್ರ ಪ್ರೊಸೆಸರ್ ಸಾಲದೆ ನನ್ನ ಮೇಜಿಗೆ ಬಂದಿದ್ದು ನೆನಪಿಲ್ಲ. ಬರೋದೆಲ್ಲ ಎರಡೇ ಕಾಯಿಲೆಗೆ: ಹಾರ್ಡ್ ಡಿಸ್ಕ್, ಕರೆಂಟ್.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತೆ, ಮೇಲೊಂದು ಕೈ ಅತ್ತಿತ್ತ ಓಡಾಡುತ್ತೆ. ವಿಂಡೋಸ್ ಶುರುವಾಗುವಾಗ ಸಾವಿರಾರು ಚೂರುಪಾರು ಫೈಲ್ ಬೇಕು. ಮರದ ಕೆಳಗೆ ಬಿದ್ದ ಅಡಿಕೆಯನ್ನು ಒಂದೊಂದೇ ಬಗ್ಗಿ ಹೆಕ್ಕಿದ ಹಾಗೆ ಅದರ ಪಾಡು. ಸೆಕೆಂಡಿಗೆ ನೂರು ಕಡೆ ಬಗ್ಗಿದರೆ ಅದೇ ದೊಡ್ಡದು. ಎಸ್‌ಎಸ್‌ಡಿ ಹತ್ತಾರು ಸಾವಿರ ಕಡೆ ಮುಟ್ಟುತ್ತೆ. ನಿಮ್ಮ ಊದುಬತ್ತಿ ಕಥೆಗೆ ಕಾರಣ ಇಷ್ಟೇ. ಹಾಗಾಗಿ ಆ 1 ಟಿಬಿ ಡಿಸ್ಕಿನ 29,000ದ ಯಂತ್ರ ಬೇಡವೇ ಬೇಡ. ಎಸ್‌ಎಸ್‌ಡಿಯಲ್ಲಿ ಸಾಟಾನಾ, ಎನ್‌ವಿಎಂಇನಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅಂಕಿಯಲ್ಲಿ ಸೆಕೆಂಡಿಗೆ 550 ಎಂಬಿ, 3,500 ಎಂಬಿ ಅಂತ ದೊಡ್ಡ ಅಂತರ ಕಾಣುತ್ತೆ. ನುಡಿಯಲ್ಲಿ ಕ್ರಯಪತ್ರ ತೆರೆಯುವಾಗ ಎರಡೂ ಒಂದೇ.

ಕರೆಂಟಿನ ವಿಷಯ ಸ್ವಲ್ಪ ಉದ್ದ, ಓದಿ. ಸಾವಿರದ ಐನೂರರ ಕ್ಯಾಬಿನೆಟ್ ತಗೊಂಡರೆ ಒಳಗೊಂದು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಪುಕ್ಕಟೆ ಕೊಡುತ್ತಾರೆ. ಮೇಲೆ 500 ವ್ಯಾಟ್ ಅಂತ ಚೀಟಿ. ಕೈಯಲ್ಲಿ ಎತ್ತಿ ನೋಡಿ. ಒಳ್ಳೆ ಎಸ್‌ಎಂಪಿಎಸ್ ಭಾರ ಇರುತ್ತೆ. ಇದು ಊಟ ಮುಗಿದ ಟಿಫಿನ್ ಬಾಕ್ಸಿನ ಹಾಗೆ ಹಗುರ. ಒಂದು ಸೊಸೈಟಿಗೆ ನಾನೇ ಒಮ್ಮೆ ದುಡ್ಡು ಉಳಿಸಲು ಹೋಗಿ ಅಂಥ ಐದು ಯಂತ್ರ ಹಾಕಿದೆ. ಮೊದಲ ಮುಂಗಾರು ಮಳೆಗೇ ಎರಡು ಟಪ್ ಅಂದವು. ಒಂದು ತಾನೊಬ್ಬನೇ ಸತ್ತಿತು. ಇನ್ನೊಂದು ಹೋಗುವಾಗ ಬೋರ್ಡು, ಡಿಸ್ಕು ಎರಡನ್ನೂ ಕರೆದುಕೊಂಡು ಹೋಯಿತು. ಡಿಸ್ಕಿನಲ್ಲಿ ಸದಸ್ಯರ ಲೆಕ್ಕ ಇತ್ತು. ಹದಿನೈದು ದಿನ ಆ ಸೆಕ್ರೆಟರಿ ನನ್ನ ಫೋನ್ ನಂಬರ್ ಜಪ ಮಾಡಿದರು. ಆಮೇಲೆ ನಾನು ಕಂಪನಿ ಮಾಡಿದ 450 ವ್ಯಾಟಿನ 80 ಪ್ಲಸ್ ಗುರುತಿನ ಎಸ್‌ಎಂಪಿಎಸ್ ಇಲ್ಲದೆ ಯಾರಿಗೂ ಯಂತ್ರ ಕೊಟ್ಟಿಲ್ಲ. ನಿಮ್ಮ ಕೆಲಸಕ್ಕೆ ಯಂತ್ರ ಎಳೆಯೋದು ನಲವತ್ತು ಐವತ್ತು ವ್ಯಾಟ್ ಅಷ್ಟೇ. ಮುಖ್ಯ ವ್ಯಾಟ್ ಅಲ್ಲ, ಒಳಗಿನ ರಕ್ಷಣೆ.

ಮಳಿಗೆಯಲ್ಲಿ ಅರ್ತಿಂಗ್ ಇದೆಯಾ ನೋಡಿಸಿ. ಹಳೇ ಕಟ್ಟಡಗಳಲ್ಲಿ ಮೂರನೇ ತೂತು ಇರುತ್ತೆ, ಅದರ ಹಿಂದೆ ವೈರೇ ಇರಲ್ಲ. ಆಗ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ. ಎಸ್‌ಎಂಪಿಎಸ್ ಬಾಗಿಲಲ್ಲೇ ಎರಡು ಪುಟ್ಟ ಕೆಪಾಸಿಟರ್ ಲೈನು ಮತ್ತು ನ್ಯೂಟ್ರಲ್‌ನಿಂದ ಡಬ್ಬಕ್ಕೆ ಸೇರಿರುತ್ತವೆ. ಅರ್ತ್ ಇಲ್ಲದಿದ್ದರೆ ಡಬ್ಬದ ಮೇಲೆ 230ರ ಅರ್ಧ, ಅಂದರೆ 115 ವೋಲ್ಟ್ ತೇಲುತ್ತಿರುತ್ತೆ. ಕರೆಂಟು ತೀರಾ ಕಮ್ಮಿ, ಜೀವಕ್ಕೇನೂ ಆಗಲ್ಲ. ಆದರೆ ಪ್ರಿಂಟರ್ ಕೇಬಲ್ ಚುಚ್ಚುವಾಗ ಯುಎಸ್‌ಬಿ ಪೋರ್ಟ್ ಸುಟ್ಟುಕೊಂಡವರನ್ನು ನೋಡಿದ್ದೇನೆ. ನಿಮ್ಮ ಕಡೆಯ ಏಪ್ರಿಲ್ ಮೇ ಗುಡುಗು ಸಿಡಿಲು ನಾನು ಹೇಳಬೇಕಿಲ್ಲ.

ಹೊಸದಾಗಿ ಜೋಡಿಸಿದರೆ ಈ ವಾರ ನಾನು ಕೊಡುತ್ತಿರುವ ದರ: ರೈಜನ್ 3 3200ಜಿ ಪ್ರೊಸೆಸರ್ 5,200, ಎ520 ಬೋರ್ಡ್ 4,500, 8 ಜಿಬಿ ಡಿಡಿಆರ್4 ರ‍್ಯಾಮ್ 1,900, 500 ಜಿಬಿ ಎಸ್‌ಎಸ್‌ಡಿ 3,000, ಎಸ್‌ಎಂಪಿಎಸ್ 2,400, ಖಾಲಿ ಕ್ಯಾಬಿನೆಟ್ 1,600. ಒಟ್ಟು 18,600. ಮಾನಿಟರ್, ಯುಪಿಎಸ್ ಸೇರಿದರೆ 28,000ದ ಹತ್ತಿರ. ಇಂಟೆಲ್ 12100 ಇನ್ನೂ ಚುರುಕು, ಆದರೆ ಪ್ರೊಸೆಸರ್ ಒಂದಕ್ಕೇ ಹತ್ತು ಸಾವಿರ ದಾಟುತ್ತೆ. 12100ಎಫ್ ಅಗ್ಗ ಅಂತ ಯಾರಾದರೂ ಕೊಟ್ಟಾರು, ತರಬೇಡಿ. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಚಿತ್ರವೇ ಬರಲ್ಲ.

ಅಣ್ಣನ ಮಗ ಹೇಳಿದ್ದು ನಿಜ, ಜೋಡಿಸೋದು ಕಷ್ಟ ಇಲ್ಲ. ಅರ್ಧ ದಿನದ ಕೆಲಸ. ರ‍್ಯಾಮ್ ಎರಡೂ ಕಡೆ ಟಕ್ ಅನ್ನೋವರೆಗೆ ಒತ್ತಬೇಕು. ಹೆದರಿ ಅರ್ಧ ಒತ್ತಿ, "ಡಿಸ್‌ಪ್ಲೇ ಬರ್ತಿಲ್ಲ ಸಾರ್" ಅಂತ ಫೋನ್ ಮಾಡುವವರೇ ಜಾಸ್ತಿ.

---

ಕೀಲಿಮಣೆ · 28 ಜುಲೈ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಜಾಹೀರಾತು ಮತ್ತೆ ತೆಗೆದು ನೋಡಿದೆ. ನೀವು ಹೇಳಿದ ಹಾಗೆ ಕೆಳಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ 2600.

ಒಂದು ಸಂಶಯ. ನಿಮ್ಮ ಪಟ್ಟಿಯಲ್ಲಿ ವಿಂಡೋಸ್ ಇಲ್ಲವಲ್ಲ? ಊರಿನ ಅಂಗಡಿಯವರು "ವಿಂಡೋಸ್ ಫ್ರೀ ಹಾಕ್ಕೊಡ್ತೀನಿ" ಅಂದಿದ್ದರು. ಅದು ಫ್ರೀ ಹೇಗೆ?

---

ತಿರುಪುಳಿ · 28 ಜುಲೈ

ಸಿಕ್ಕಿಹಾಕಿಕೊಂಡೆ. ಫ್ರೀ ಅಲ್ಲ, ಕದ್ದದ್ದು. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೆ ಹಾಕಿ ಹಾಕಿ, ಅದಕ್ಕೊಂದು ಬೆಲೆ ಇದೆ ಅನ್ನೋದೇ ಮರೆತುಹೋಗಿದೆ. ನನಗೂ ಸೇರಿ. ಸರಿಯಾಗಿ ಕೊಂಡರೆ ವಿಂಡೋಸ್ 11 ಹೋಮ್ ಹತ್ತು ಸಾವಿರದ ಆಸುಪಾಸು. ಜನರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಎಲ್ಲಾ ನಿಮ್ಮ ಯಂತ್ರದಲ್ಲಿ ಓಡಾಡುತ್ತವೆ. ಲೈಸೆನ್ಸ್ ಮುರಿಯಲು ಹಾಕುವ ಆ ಪುಟ್ಟ ಪ್ರೋಗ್ರಾಂ ಒಳಗೆ ಇನ್ನೇನು ಇರುತ್ತೋ ಹಾಕಿದವನಿಗೂ ಗೊತ್ತಿರಲ್ಲ. ಹಾಗಾಗಿ ನನ್ನ 28,000 ನಿಜವಾಗಿ 38,000. ತಪ್ಪೊಪ್ಪಿಗೆ.

---

ಪಾದಚಾರಿ (ಬೆಂಗಳೂರು) · 28 ಜುಲೈ

ಅಲ್ಲೇ ನಾನು ಬಾಯಿ ಹಾಕುವುದು. ಅಕ್ಕಾ, ಹೊಸದು ಬಿಡಿ. ದೊಡ್ಡ ಕಂಪನಿಗಳು ನಾಲ್ಕೈದು ವರ್ಷ ಬಳಸಿ ಹೊರಗೆ ಹಾಕುವ ಡೆಸ್ಕ್‌ಟಾಪ್ ನೋಡಿ. ಇಲ್ಲಿನ ಕಂಪ್ಯೂಟರ್ ಮಾರುಕಟ್ಟೆ ಎಸ್‌ಪಿ ರೋಡಿನಲ್ಲಿ ಗುಡ್ಡೆ ಗುಡ್ಡೆ ಬಿದ್ದಿವೆ. ಅವುಗಳ ವಿಂಡೋಸ್ ಪ್ರೊ ಲೈಸೆನ್ಸ್ ಕಾರ್ಖಾನೆಯಲ್ಲೇ ಬೋರ್ಡಿನ ಚಿಪ್‌ನಲ್ಲಿ ಬರೆದಿರುತ್ತೆ. ಡಿಸ್ಕ್ ಬದಲಿಸಿದರೂ ಅದು ಎಲ್ಲೂ ಹೋಗಲ್ಲ. ನಿಮ್ಮ ಆ ಹತ್ತು ಸಾವಿರ ಅಲ್ಲೇ ಉಳಿಯಿತು.

ಮಾಡೆಲ್ ನಂಬರ್ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಡೆಲ್ ಆಪ್ಟಿಪ್ಲೆಕ್ಸ್ ಆದರೆ 3060 ಅಥವಾ 7060. 3050, 7050 ಬೇಡ. ಎಚ್‌ಪಿ ಎಲೈಟ್‌ಡೆಸ್ಕ್ 800 ಆದರೆ ಜಿ4, ಜಿ3 ಅಲ್ಲ. ಲೆನೊವೊ ಥಿಂಕ್‌ಸೆಂಟರ್ ಆದರೆ ಎಂ720, ಎಂ710 ಅಲ್ಲ. ಗೆರೆಯ ಈಚೆ ಇರುವುದು ಎಂಟನೇ ತಲೆಮಾರು, ಆಚೆಗಿನದು ಏಳು. ವಿಂಡೋಸ್ 11 ಆ ಗೆರೆ ಮೇಲೆಯೇ ನಿಂತಿದೆ. ಅಕ್ಟೋಬರ್ ಹತ್ತಿರ ಬಂದಿರುವುದರಿಂದ ಆಚೆಗಿನ ಮಾಲು ದೂಡಲು ಎಲ್ಲರೂ ತುದಿಗಾಲಲ್ಲಿ ನಿಂತಿದ್ದಾರೆ. "ಒಂದೇ ಮೇಡಂ, ಏನೂ ವ್ಯತ್ಯಾಸ ಇಲ್ಲ" ಅನ್ನುತ್ತಾರೆ. ಇದೆ.

ಅಂಗಡಿಯಲ್ಲೇ ಆನ್ ಮಾಡಿಸಿ. ವಿಂಡೋಸ್ ಶುರುವಾಗೋ ಮೊದಲೇ ಸಿಗುವ ಬಯೋಸ್ ಸೆಟ್ಟಿಂಗ್ ಒಳಗೆ ಹೋಗಿ ನೋಡಿ, ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟು ಎದ್ದು ಬನ್ನಿ. ಹಳೇ ಕಂಪನಿಯ ಬೀಗ ಅದು. ಡೆಲ್ ಆದರೆ ಡಬ್ಬದ ಮೇಲೆ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಇರುತ್ತೆ. ಅದನ್ನು ಡೆಲ್ ತಾಣದಲ್ಲಿ ಹಾಕಿದರೆ ಯಂತ್ರ ಯಾವಾಗ ಹೊರಬಿತ್ತು, ಆಗ ಒಳಗೆ ಏನೇನಿತ್ತು ಎಲ್ಲಾ ಬರುತ್ತೆ. ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಪುಟ್ಟ ಪ್ರೋಗ್ರಾಂ ಇದೆ, ಅಂಗಡಿಯವರಿಗೆ ಗೊತ್ತಿರುತ್ತೆ, ತೋರಿಸಿ ಅನ್ನಿ. ಮತ್ತೆ "ಬಿಲ್ ಬೇಕಾ, ಬೇಡ್ವಾ" ಅನ್ನುವ ಪ್ರಶ್ನೆ ಬಂದೇ ಬರುತ್ತೆ. ಬೇಕು ಅನ್ನಿ. ಬಿಲ್ ಇಲ್ಲದಿದ್ದರೆ ವಾರಂಟಿ ಬಾಯಿಮಾತು.

ಭಾನುವಾರ ಹೋಗಬೇಡಿ, ಮುಕ್ಕಾಲು ಪಾಲು ಬಾಗಿಲು ಹಾಕಿರುತ್ತೆ.

---

ತಿರುಪುಳಿ · 29 ಜುಲೈ

ಪಾದಚಾರಿ ಹೇಳಿದ್ದು ಸರಿ. ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕಿದರೂ ಸರಿಯೇ. ಒಂದೇ ತಕರಾರು. ಆ ಡೆಲ್ ಡಬ್ಬಗಳ ಎಸ್‌ಎಂಪಿಎಸ್ ಮಾಮೂಲಿ 24 ಪಿನ್ನಿನದಲ್ಲ. ಹೋದರೆ ಸಾಗರದಲ್ಲಿ ಸಿಗಲ್ಲ, ಇಲ್ಲೂ ಸಿಗಲ್ಲ, ತರಿಸಬೇಕು. ಆದರೆ ಅವು ನಾನು ಬೈದ ಹಗುರ ಡಬ್ಬಗಳಂಥವಲ್ಲ, ಸುಲಭಕ್ಕೆ ಹೋಗಲ್ಲ. ಅರ್ತಿಂಗ್ ಮಾಡಿಸಿದರೆ ಇನ್ನೂ ಹೋಗಲ್ಲ. ತಗೊಂಡರೆ ಸಣಕಲು ಮಾಡೆಲ್ ಬೇಡ, ಟವರ್ ತಗೊಳ್ಳಿ. ಒಳಗೆ ಕೈ ಆಡಲು ಜಾಗ ಇರುತ್ತೆ.

ಉಳಿದ ದುಡ್ಡು ಕಣ್ಣಿಗೆ, ಬೆರಳಿಗೆ ಹಾಕಿ. ದಿನಕ್ಕೆ ನಲವತ್ತು ಪುಟ ಹೊಡೆಯುವವರು ಮಸುಕು ಮಾನಿಟರ್ ಇಟ್ಟುಕೊಳ್ಳಬಾರದು. ಕೀಬೋರ್ಡ್ ಯಾವುದು ಈಗ?

---

ಕೀಲಿಮಣೆ · 29 ಜುಲೈ

ಕೀಬೋರ್ಡ್ ಕೇಳಬೇಡಿ, ನಗು ಬರುತ್ತೆ. ಆಫೀಸಿನಲ್ಲಿ ಇದ್ದದ್ದು 400 ರೂಪಾಯಿಯದು. ಎರಡು ವರ್ಷಕ್ಕೊಂದು. ಪ್ರತಿ ಸಲವೂ ಮೊದಲು ಅಳಿಸಿಹೋಗುವುದು ಎಫ್. ನುಡಿ ಕೀಲಿಮಣೆಯಲ್ಲಿ ಒತ್ತಕ್ಷರ ಬೇಕಾದರೆ ಎಫ್ ಒತ್ತಬೇಕಲ್ಲ. "ಕನ್ನಡ" ಬರೆದರೂ ಎಫ್, "ಸ್ವತ್ತು" ಬರೆದರೆ ಎರಡು ಸಲ ಎಫ್. ಕ್ರಯಪತ್ರದಲ್ಲಿ ಒತ್ತಕ್ಷರ ಇಲ್ಲದ ಸಾಲೇ ಇಲ್ಲ. ಅಕ್ಷರ ಅಳಿಸಿ, ಆಮೇಲೆ ಕೀಲಿ ನುಣುಪಾಗಿ, ಕೊನೆಗೆ ಒತ್ತಿದರೆ ಮೇಲೇ ಬರುತ್ತಿರಲಿಲ್ಲ.

ನಾನು ಟೈಪಿಂಗ್ ಕಲಿತ ಇನ್‌ಸ್ಟಿಟ್ಯೂಟಿನಲ್ಲಿ ಒಂದು ಟಿವಿಎಸ್ ಗೋಲ್ಡ್ ಇತ್ತು. ಮೇಷ್ಟ್ರು ಮಾತ್ರ ಮುಟ್ಟುತ್ತಿದ್ದರು. ಟಕಟಕ ಅಂತ ಪಕ್ಕದ ಬೀದಿಗೂ ಕೇಳಿಸುತ್ತಿತ್ತು. ಈಗ ಅದಕ್ಕೆ ಮೂರು ಸಾವಿರ. ಕಂಪ್ಯೂಟರಿಗೇ ಸಾಲ ಮಾಡುವಾಗ ಕೀಬೋರ್ಡಿಗೆ ಮೂರು ಸಾವಿರ ಅಂದರೆ ಜನ ಏನಂದಾರು ಅನ್ನಿಸುತ್ತೆ.

---

ತಿರುಪುಳಿ · 29 ಜುಲೈ

ಬಡಗಿ ಉಳಿಗೆ ದುಡ್ಡು ಹಾಕಿದರೆ ಯಾರಾದರೂ ಏನಾದರೂ ಅಂತಾರಾ? ತಗೊಳ್ಳಿ.

---

ಪೆಂಗ್ವಿನ್ ಪಕ್ಷ (ಮೈಸೂರು) · 30 ಜುಲೈ

ಎಲ್ಲರೂ ಲೈಸೆನ್ಸ್ ಅಂತ ಗುದ್ದಾಡುತ್ತಿದ್ದೀರಿ, ವಿಂಡೋಸ್ ಬದಲು ಹಾಕುವ ಲಿನಕ್ಸ್ ಮಿಂಟ್ ಪುಕ್ಕಟೆ ಇದೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ, ಅಂದರೆ ನಿಮ್ಮ ನುಡಿ ಕೀಲಿಮಣೆಯೇ, ಅದರಲ್ಲೂ ಸಿಗುತ್ತೆ. ಬೆರಳಿನ ಅಭ್ಯಾಸ ಬದಲಾಗಬೇಕಿಲ್ಲ. ವರ್ಡ್, ಎಕ್ಸೆಲ್ ಬದಲಿಗೆ ಲಿಬ್ರೆ ಆಫೀಸ್ ಇದೆ.

ಆದರೆ ಪ್ರಾಮಾಣಿಕವಾಗಿ ಹೇಳುತ್ತೇನೆ, ನಿಮಗೆ ಎರಡು ಕಡೆ ಮುಳ್ಳು ಚುಚ್ಚುತ್ತೆ. ಒಂದು, ಆ ಕ್ಯಾನನ್ 2900. ಲಿನಕ್ಸಿನಲ್ಲಿ ಅದನ್ನು ಒಲಿಸಿಕೊಳ್ಳಲು ನಾನೇ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಎರಡು, ಹಳೇ ನುಡಿ ಫೈಲುಗಳು. ಅವು ಎಲ್ಲಾ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಇಲ್ಲ. ನುಡಿ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ ಎಲ್ಲಾ ಸೇರಿದ ಕಲಸುಮೇಲೋಗರ. ಇದು ವಿಂಡೋಸಿನಲ್ಲೂ ತಪ್ಪಿದ್ದಲ್ಲ. ಹಳೇ ನುಡಿಯಲ್ಲಿ ಹೊಡೆದಿದ್ದನ್ನು ಆನ್‌ಲೈನ್ ಅರ್ಜಿಗೆ ಅಂಟಿಸಿ ನೋಡಿ. ಹಾಗಾಗಿ ಯಂತ್ರ ಯಾವುದೇ ಇರಲಿ, ಹೊಸ ಅಂಗಡಿಯ ಮೊದಲ ಪತ್ರದಿಂದಲೇ ಯೂನಿಕೋಡಿನಲ್ಲಿ ಬರೆಯಿರಿ. ಹಳೇದನ್ನು ಪರಿವರ್ತಿಸಲು ನುಡಿಯಲ್ಲೇ ದಾರಿ ಇದೆ.

---

ಅರ್ಧಲೋಟ · 30 ಜುಲೈ

ಇಷ್ಟೆಲ್ಲಾ ಇದೆಯಾ. ನಾನು ಆ 15,999ರದ್ದು ಕಳೆದ ತಿಂಗಳು ತಗೊಂಡೆ.

---

ತಿರುಪುಳಿ · 30 ಜುಲೈ

ಅಯ್ಯೋ. ಸುಟ್ಟು ಹೋಗೋ ಮೊದಲು ಎಸ್‌ಎಂಪಿಎಸ್ ಬದಲಿಸಿ ಮಾರಾಯ್ರೆ. ಉಳಿದಿದ್ದು ಆಮೇಲೆ ನೋಡೋಣ.

---

ಕೀಲಿಮಣೆ · 31 ಆಗಸ್ಟ್

ತಿಂಗಳಾಯಿತು. ಅಂಗಡಿ ಶುರುವಾಗಿದೆ. ಶ್ರಾವಣದ ಕೊನೇ ಶುಕ್ರವಾರ, 22ಕ್ಕೆ ಪೂಜೆ ಮಾಡಿದೆವು. ಹಬ್ಬದ ಗಲಾಟೆಯಲ್ಲಿ ಬರೆಯಲು ಆಗಿರಲಿಲ್ಲ.

ಅಣ್ಣನ ಮಗನನ್ನು ಕರೆದುಕೊಂಡು ಎಸ್‌ಪಿ ರೋಡಿಗೆ ಹೋದೆ. ಮೊದಲ ಅಂಗಡಿಯಲ್ಲಿ 3050 ತೋರಿಸಿ "ಒಂದೇ ಮೇಡಂ" ಅಂದರು. ಪಾದಚಾರಿಯವರ ಮಾತು ನೆನಪಾಗಿ ನಗು ತಡೆಯಲಾಗಲಿಲ್ಲ. ಎರಡನೇ ಕಡೆ ಬಯೋಸ್ ತೆರೆದರೆ ಪಾಸ್‌ವರ್ಡ್. "ತೆಗೆಸಿ ಕೊಡ್ತೀವಿ, ನಾಳೆ ಬನ್ನಿ" ಅಂದರು. ಎದ್ದೆವು. ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು: ಆಪ್ಟಿಪ್ಲೆಕ್ಸ್ 3060 ಟವರ್, ಐ5 8500, 8 ಜಿಬಿ, 256 ಜಿಬಿ ಎಸ್‌ಎಸ್‌ಡಿ. ಬಿಲ್ ಸಮೇತ 13,200, ಆರು ತಿಂಗಳು ವಾರಂಟಿ. ಇನ್ನೊಂದು 8 ಜಿಬಿ ರ‍್ಯಾಮ್ 1,900ಕ್ಕೆ ಅಲ್ಲೇ ತಗೊಂಡೆವು. ರಾತ್ರಿ ತಾಳಗುಪ್ಪ ರೈಲಿನಲ್ಲಿ ಸೀಟಿನ ಕೆಳಗೆ ಇಡಲು ಮನಸ್ಸಾಗದೆ, ಕಾಲ ಹತ್ತಿರ ಸೀರೆ ಸುತ್ತಿ ಇಟ್ಟುಕೊಂಡು ಬಂದೆ. ಸಾಗರದ ಜಂಬಗಾರು ಸ್ಟೇಷನ್‌ನಲ್ಲಿ ಇಳಿದಾಗ ಮಳೆ. ಛತ್ರಿ ನನಗಲ್ಲ, ಅದಕ್ಕೆ.

ಉಳಿದ ಲೆಕ್ಕ: 22 ಇಂಚಿನ ಹೊಸ ಮಾನಿಟರ್ 6,300, 600 ವಿಎ ಯುಪಿಎಸ್ 2,700, ಮೌಸ್ 350, ವಾರಕ್ಕೊಮ್ಮೆ ಫೈಲ್ ನಕಲು ಮಾಡಿ ಮನೆಗೆ ಒಯ್ಯಲು ಪೆನ್‌ಡ್ರೈವ್ 450. ಟಿವಿಎಸ್ ಗೋಲ್ಡ್ 2,950. ಹೌದು, ತಗೊಂಡೆ. ಅರ್ತಿಂಗ್ 1,400. ಒಟ್ಟು 29,250. ಮಿಕ್ಕ 750 ಪೂಜೆಯ ದಿನ ಹೂವು, ಕೇಸರಿಬಾತಿಗೆ ಆಯಿತು.

ಅರ್ತಿಂಗ್ ಬಗ್ಗೆ ತಿರುಪುಳಿಯವರಿಗೆ ದೊಡ್ಡ ನಮಸ್ಕಾರ. ಎಲೆಕ್ಟ್ರಿಷಿಯನ್ ಸ್ವಿಚ್ ಬೋರ್ಡ್ ಬಿಚ್ಚಿ ತೋರಿಸಿದರು. ಮೂರನೇ ತೂತಿನ ಹಿಂದೆ ಒಂದು ಜೇಡರ ಬಲೆ, ವೈರ್ ಇಲ್ಲ. ಹಿಂದಿನ ಹಿತ್ತಲಲ್ಲಿ ಗುಂಡಿ ತೋಡಿ, ಸಲಾಕೆ ಇಳಿಸಿ, ಉಪ್ಪು ಇದ್ದಿಲು ಸುರಿದರು. ಪಕ್ಕದ ಜೆರಾಕ್ಸ್ ಅಂಗಡಿಯವರು ಬಂದು "ನಂದೂ ಅದಕ್ಕೇ ಸೇರಿಸಿ, ಅರ್ಧ ದುಡ್ಡು ಕೊಡ್ತೀನಿ" ಅಂದಿದ್ದಾರೆ. ಇನ್ನೂ ಕೊಟ್ಟಿಲ್ಲ.

ಎಡವಟ್ಟು ಎರಡು ಆದವು, ಬರೆದುಬಿಡುತ್ತೇನೆ. ಮನೆಗೆ ತಂದು ಮೊದಲ ಸಲ ಆನ್ ಮಾಡಿದಾಗ ಯಾವ ವೆಬ್‌ಸೈಟೂ ತೆರೆಯಲಿಲ್ಲ. ಪಹಣಿ ತಾಣವೂ "ಸುರಕ್ಷಿತವಲ್ಲ" ಅಂತ ಕೆಂಪು ತೋರಿಸಿತು. ಮೋಸ ಹೋದೆ ಅಂತ ಎದೆ ಧಸಕ್ಕೆಂದಿತು. ಆಮೇಲೆ ಮೂಲೆಯಲ್ಲಿ ನೋಡಿದರೆ ತಾರೀಖು 2018. ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ವಾಚ್ ರಿಪೇರಿಯವರ ಹತ್ತಿರ 30 ರೂಪಾಯಿಗೆ ಸಿಆರ್2032 ಸಿಕ್ಕಿತು. ನಾನೇ ಪಕ್ಕದ ಬಾಗಿಲು ತೆಗೆದು ಹಾಕಿದೆ. ಹನ್ನೊಂದು ವರ್ಷ ಕಂಪ್ಯೂಟರ್ ಮುಂದೆ ಕೂತವಳು, ಒಳಗೆ ಕೈ ಹಾಕಿದ್ದು ಅದೇ ಮೊದಲು. ಧೈರ್ಯ ಬಂದು, ಎರಡನೇ ರ‍್ಯಾಮ್ ಕೂಡ ನಾನೇ ಕೂರಿಸಿದೆ. ಟಕ್ ಅಂದಿತು, ಎರಡೂ ಕಡೆ.

ಎರಡನೆಯದು ಪ್ರಿಂಟರ್. ಕರೆಂಟ್ ಹೋದರೂ ಪ್ರಿಂಟ್ ಬರಲಿ ಅಂತ ಅದನ್ನೂ ಯುಪಿಎಸ್‌ಗೆ ಚುಚ್ಚಿದ್ದೆ. ಮೊದಲ ಗಿರಾಕಿಯ ಬಾಡಿಗೆ ಕರಾರು ಪ್ರಿಂಟ್ ಕೊಟ್ಟ ಕೂಡಲೇ ಯುಪಿಎಸ್ ಕೂಗಿಕೊಂಡು ಎಲ್ಲಾ ಆಫ್. ಗಿರಾಕಿ ನನ್ನ ಮುಖ ನೋಡಿದರು, ನಾನು ದೇವರ ಮುಖ ನೋಡಿದೆ. ಯಂತ್ರ ಇಪ್ಪತ್ತು ಸೆಕೆಂಡಿನೊಳಗೆ ಮತ್ತೆ ಎದ್ದು ನಿಂತಿತು, ಮಾನ ಉಳಿಯಿತು.

ವಿಂಡೋಸ್ 11 ಪ್ರೊ ಹಾಕುವಾಗ ಕೀ ಕೇಳಲೇ ಇಲ್ಲ, ತಾನೇ ಆಕ್ಟಿವೇಟ್ ಆಯಿತು.

---

ತಿರುಪುಳಿ · 31 ಆಗಸ್ಟ್

ಲೇಸರ್ ಪ್ರಿಂಟರ್ ಒಳಗೆ ಪುಡಿ ಕರಗಿಸಲು ಒಂದು ಹೀಟರ್ ಇದೆ. ಬಿಸಿ ಮಾಡುವಾಗ ನೂರಾರು ವ್ಯಾಟ್ ಒಂದೇ ಸಲ ಎಳೆಯುತ್ತೆ, 600 ವಿಎ ತಡೆಯಲ್ಲ. ನೇರ ಗೋಡೆಗೆ ಚುಚ್ಚಿ. ಹೇಳುವುದು ಮರೆತಿದ್ದೆ, ಕ್ಷಮಿಸಿ. ಆ 2900ಕ್ಕೆ ಎಚ್‌ಪಿ 12ಎ ಕಾರ್ಟ್ರಿಜ್ ಕೂಡ ಕೂರುತ್ತೆ, ಯಾವುದು ಅಗ್ಗವೋ ಅದು ತಗೊಳ್ಳಿ.

ಗೋಲ್ಡ್ ಹೇಗಿದೆ?

---

ಕೀಲಿಮಣೆ · 31 ಆಗಸ್ಟ್

ಜೆರಾಕ್ಸ್ ಅಂಗಡಿಯವರು ಎರಡನೇ ದಿನವೇ ಕೇಳಿದರು, "ಹೊಲಿಗೆ ಮಿಷನ್ನೂ ಇಟ್ಟಿದ್ದೀರಾ?"

ಎಫ್ ಮೇಲೆ ಮಗಳ ಉಗುರುಬಣ್ಣದ ಒಂದು ಚುಕ್ಕಿ ಇಟ್ಟಿದ್ದೇನೆ. ಅದು ಎಷ್ಟು ದಿನಕ್ಕೆ ಅಳಿಸುತ್ತೋ ನೋಡಬೇಕು.